ಮಾಡೆಲ್ ವಿಮಾನಕ್ಕೆ ಹಗುರ, ಗಟ್ಟಿ ಕಾಲು: ಆರಿಸುವುದರಿಂದ ಕೂರಿಸುವವರೆಗೆ

ಸಂಕ್ರಾಂತಿ ಕಳೆದ ವಾರ, ಮಂಡ್ಯದ ಪಕ್ಕದ ಒಂದು ಗದ್ದೆಯಲ್ಲಿ ನನ್ನ ಟ್ರೈನರ್ (ಹೊಸಬರು ಕಲಿಯಲು ಹಾರಿಸುವ ರಿಮೋಟ್ ಮಾಡೆಲ್) ವಿಮಾನ ಇಳಿಯಿತು. ಇಳಿಯಿತು ಅನ್ನೋದಕ್ಕಿಂತ ಬಿತ್ತು ಅನ್ನೋದೇ ಸರಿ. ಭತ್ತ ಕೊಯ್ದ ಗದ್ದೆ, ನೆಲ ಒಣಗಿ ಕಲ್ಲಾಗಿತ್ತು, ಕೂಳೆ ನಾಲ್ಕು ಬೆರಳು ಎತ್ತರ ನಿಂತಿತ್ತು. ಹಿಂದಿನ ತಿಂಗಳಷ್ಟೇ ಹಳೇ ತಂತಿ ಕಾಲು, ಅಂದರೆ ಚಕ್ರ ಹಿಡಿದಿರುವ ಲ್ಯಾಂಡಿಂಗ್ ಗೇರ್, ಬಿಚ್ಚಿ ಬಿಸಾಡಿ 4 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿಯ ಕಾಲು ಹಾಕಿಸಿದ್ದೆ, ಇನ್ನು ಈ ಜನ್ಮದಲ್ಲಿ ಬಗ್ಗಲ್ಲ ಅಂತ ಹೆಮ್ಮೆ ಬೇರೆ. ಬದುವಿನ ಮೇಲೆ ಕೂತಿದ್ದ ಗದ್ದೆಯವರು ಎದ್ದು ಬಂದು, ವಿಮಾನ ಎತ್ತಿ, ತಿರುಗಿಸಿ ನೋಡಿದರು. "ಕಾಲು ನೆಟ್ಗೇ ಅದೆ ಕಣಣ್ಣ, ಹೊಟ್ಟೆನೇ ಕಿತ್ಕಂಡ್ ಬಂದದೆ" ಅಂದರು.

ನಿಜ. ಕಾಲಿಗೆ ಒಂದು ಗೀರೂ ಇರಲಿಲ್ಲ. ಅದು ಕೂತಿದ್ದ ಪ್ಲೈವುಡ್ ತುಂಡು, ಅದರ ಸುತ್ತಲಿನ ಬಾಲ್ಸಾ (ತುಂಬಾ ಹಗುರ ಮರ), ಬ್ಯಾಟರಿಯ ಟ್ರೇ, ಎಲ್ಲ ಒಟ್ಟಿಗೆ ಕಿತ್ತು ಬಂದಿತ್ತು. ಹತ್ತು ದಿನದ ರಿಪೇರಿ.

ಇದನ್ನು ಯಾಕೆ ಹೇಳಿದೆ ಅಂದ್ರೆ, "ಗಟ್ಟಿ ಕಾಲು ಯಾವುದು" ಅಂತ ಹುಡುಕುವವರೆಲ್ಲ ನಾನು ಮಾಡಿದ ತಪ್ಪನ್ನೇ ಮಾಡುತ್ತಾರೆ. ಬಗ್ಗದ ಕಾಲನ್ನು ಹುಡುಕುತ್ತಾರೆ. ನಮಗೆ ಬೇಕಿರುವುದು ಚೆನ್ನಾಗಿ ಬಗ್ಗಿ, ಮತ್ತೆ ಹಳೇ ಜಾಗಕ್ಕೇ ಬರುವ ಕಾಲು.

ಲೆಕ್ಕ ಹೀಗಿದೆ. ನನ್ನ ವಿಮಾನ 1.4 ಕೆ.ಜಿ. ಅದನ್ನು 10 ಸೆಂ.ಮೀ. ಮೇಲಿಂದ ಕೈಬಿಟ್ಟರೆ ನೆಲ ಮುಟ್ಟುವಾಗ ಸೆಕೆಂಡಿಗೆ 1.4 ಮೀಟರ್ ವೇಗ ಇರುತ್ತದೆ. ಹೊಸಬರ ಲ್ಯಾಂಡಿಂಗ್‌ನಲ್ಲಿ ಇಷ್ಟು ದಿನಾ ಆಗುತ್ತದೆ. ಆ ಪೆಟ್ಟನ್ನು ಕಾಲು ಬರೀ 1 ಸೆಂ.ಮೀ. ಬಗ್ಗಿ ತಡೆದರೆ, ಬುಡದ ಮೇಲೆ ಬೀಳುವ ಹೊರೆ ವಿಮಾನದ ತೂಕದ 22 ಪಟ್ಟು, ಅಂದರೆ 31 ಕೆ.ಜಿ. ಅದೇ ಕಾಲು 4 ಸೆಂ.ಮೀ. ಬಗ್ಗಿದರೆ 7 ಪಟ್ಟು, 10 ಕೆ.ಜಿ. ಹತ್ತಿರ. ಮೂರು ಮಿ.ಮೀ. ಪ್ಲೈವುಡ್ ಮೇಲೆ 10 ಕೆ.ಜಿ. ಬೇಕಾ, 31 ಬೇಕಾ, ನೀವೇ ಹೇಳಿ. ಸ್ಪ್ರಿಂಗ್ ಅಂತ ಇಟ್ಟುಕೊಂಡು ಮಾಡಿದ ಸರಳ ಲೆಕ್ಕ ಇದು, ಟೈರ್ ಕುಗ್ಗುವುದನ್ನು ಸೇರಿಸಿಲ್ಲ. ಆದರೂ ಇಡೀ ಕಥೆ ಇದರಲ್ಲೇ ಇದೆ.

ಮೊದಲು ತಕ್ಕಡಿ, ಆಮೇಲೆ ನೆಲ

ವಿಮಾನವನ್ನು ಬ್ಯಾಟರಿ ಸಮೇತ ತೂಕ ಹಾಕಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಈಗಿರುವ ಕಾಲು, ಚಕ್ರ, ಬೋಲ್ಟ್, ಕಾಲರ್ (ಚಕ್ರ ಜಾರದ ಹಾಗೆ ಆಕ್ಸಲ್ ಮೇಲೆ ಬಿಗಿಯುವ ಉಂಗುರ) ಎಲ್ಲ ಬಿಚ್ಚಿ ಒಂದೊಂದನ್ನೂ ಬೇರೆ ಬೇರೆ ತೂಗಿ ಬರೆದಿಡಿ. ಇದನ್ನು ಮಾಡದೆ ಕಾರ್ಬನ್ ಫೈಬರ್ ಕಾಲಿಗೆ ದುಡ್ಡು ಸುರಿಯುವವರೇ ಜಾಸ್ತಿ. ಬಿಚ್ಚಿ ತೂಗಿದರೆ ಎಷ್ಟೋ ಸಲ ಭಾರ ಇರುವುದು ಕಾಲಿನಲ್ಲಲ್ಲ, ಗಟ್ಟಿ ರಬ್ಬರ್ ಚಕ್ರದಲ್ಲಿ ಅಂತ ಗೊತ್ತಾಗುತ್ತದೆ.

ಆಮೇಲೆ ಎಲ್ಲಿ ಇಳಿಸುತ್ತೀರಿ ಅಂತ ಯೋಚಿಸಿ. ಟಾರು, ಸಿಮೆಂಟ್ ಆದರೆ ಸಣ್ಣ ಚಕ್ರ ನಡೆಯುತ್ತದೆ. ಕಾಲೇಜಿನ ಆಟದ ಮೈದಾನದ ಕೆಂಪು ಮಣ್ಣು ಮಧ್ಯಮ. ಕೊಯ್ದ ಗದ್ದೆ ಅತಿ ಕೆಟ್ಟದ್ದು, ಅಲ್ಲಿ ಪೆಟ್ಟು ಕೆಳಗಿಂದ ಮಾತ್ರ ಬರುವುದಿಲ್ಲ, ಕೂಳೆ ಚಕ್ರವನ್ನು ಹಿಂದಕ್ಕೂ ಎಳೆಯುತ್ತದೆ. ಹಿಂದೆ ರಾಗಿ ಕಣ ಅಂತ ಮಾಡುತ್ತಿದ್ದರಲ್ಲ, ಸಗಣಿ ಸಾರಿಸಿ, ಗುಂಡು ಉರುಳಿಸಿ ಸಪಾಟು ಮಾಡಿದ್ದು, ಅಂಥ ರನ್‌ವೇ ಇನ್ನೊಂದಿಲ್ಲ. ಈಗ ರಾಗಿ ರೋಡಿನ ಮೇಲೇ ಹರಡಿರುತ್ತದೆ, ಕಣ ಹುಡುಕಿದರೂ ಸಿಗಲ್ಲ.

ಒಂದು ಮಾತು. ವಿಮಾನ 600 ಗ್ರಾಂಗಿಂತ ಕಮ್ಮಿ ಇದ್ದು, ನಿಮಗೆ ಸಿಗುವುದು ಗದ್ದೆಯೇ ಆದರೆ ಕಾಲೇ ಬೇಡ. ಕೈಯಿಂದ ಎಸೆಯಿರಿ, ಹೊಟ್ಟೆಗೆ ಪ್ಯಾಕಿಂಗ್ ಟೇಪ್ ಅಂಟಿಸಿ, ಜಾರಿಸಿ ಇಳಿಸಿ. ಸೊನ್ನೆ ಗ್ರಾಂ ಕಾಲಿಗಿಂತ ಹಗುರ ಕಾಲು ಎಲ್ಲಿದೆ?

ಯಾವುದರಲ್ಲಿ ಮಾಡಿಸೋದು

ತಂತಿ, ಅಲ್ಯೂಮಿನಿಯಂ, ಫೈಬರ್‌ಗ್ಲಾಸ್, ಕಾರ್ಬನ್. ಇವು ನಾಲ್ಕೇ. ನನ್ನ ವಿಮಾನದ ಅಳತೆಗೆ ನಾಲ್ಕನ್ನೂ ಲೆಕ್ಕ ಹಾಕಿದ್ದೇನೆ, ಚಕ್ರ ಬಿಟ್ಟು. 3 ಮಿ.ಮೀ. ಸ್ಪ್ರಿಂಗ್ ತಂತಿ 52 ಸೆಂ.ಮೀ. ಬೇಕು, 29 ಗ್ರಾಂ. ನಾನು ಹಾಕಿಸಿದ 4 ಮಿ.ಮೀ. ಅಲ್ಯೂಮಿನಿಯಂ ಕಾಲು 150 ಗ್ರಾಂ. ಅದನ್ನೇ 2 ಮಿ.ಮೀ. ಹಾಳೆಯಲ್ಲಿ, ಅಗಲ ಸ್ವಲ್ಪ ಇಳಿಸಿ ಮಾಡಿದ್ದರೆ 65. ಎರಡೂವರೆ ಮಿ.ಮೀ. ಫೈಬರ್‌ಗ್ಲಾಸ್ 47ರ ಹತ್ತಿರ. ಕಾರ್ಬನ್ 27.

ಮತ್ತೊಮ್ಮೆ ನೋಡಿ. ತಂತಿಗೂ ಕಾರ್ಬನ್‌ಗೂ ಎರಡೇ ಗ್ರಾಂ ವ್ಯತ್ಯಾಸ! ಉಕ್ಕು ಭಾರ ಅಂತ ನಾವೆಲ್ಲ ಹೆದರುತ್ತೇವೆ, ಆದರೆ ಒಳ್ಳೆ ಸ್ಪ್ರಿಂಗ್ ಉಕ್ಕು ಎಷ್ಟು ಬಲ ಅಂದರೆ ಸ್ವಲ್ಪವೇ ಸಾಕಾಗುತ್ತದೆ. ಅದಕ್ಕೇ ಎರಡು ಕೆ.ಜಿ. ಒಳಗಿನ ವಿಮಾನಕ್ಕೆ ನನ್ನ ಓಟು ತಂತಿಗೇ.

ತಂತಿ ಅಂದರೆ ಯಾವ ತಂತಿಯೂ ಅಲ್ಲ. ಹಾರ್ಡ್‌ವೇರ್ ಅಂಗಡಿಯ ಜಿಐ ತಂತಿ, ಬೇಲಿ ತಂತಿ ಬಗ್ಗಿದರೆ ಬಗ್ಗೇ ಇರುತ್ತವೆ. ಬೇಕಿರುವುದು ಪಿಯಾನೋ ವೈರ್. ವೀಣೆಯ ಸಾರಣಿ ತಂತಿ ಇದೇ ಜಾತಿಯ ಉಕ್ಕು, ನಮ್ಮದು ಅದರ ದಪ್ಪಗಿನ ಅಣ್ಣ ಅಷ್ಟೇ. ಹಾಬಿ ಅಂಗಡಿಯಲ್ಲಿ, ಸ್ಪ್ರಿಂಗ್ ಮಾಡುವವರ ಹತ್ತಿರ ಸಿಗುತ್ತದೆ. ಕೊಳ್ಳುವಾಗ ಒಂದು ಅಡಿ ತುಂಡನ್ನು ಎರಡೂ ತುದಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಿ ಬಿಡಿ. ಟಣ್ ಅಂತ ನೆಟ್ಟಗಾದರೆ ತಗೊಳ್ಳಿ. ಸೈಕಲ್ ಕಡ್ಡಿ 2 ಮಿ.ಮೀ. ಇರುತ್ತದೆ, 400 ಗ್ರಾಂ ಥರ್ಮಾಕೋಲ್ ವಿಮಾನಕ್ಕೆ ಅದೇ ಸಾಕು, ದೊಡ್ಡದಕ್ಕೆ ಬೇಡ.

ದಪ್ಪದ ವಿಷಯದಲ್ಲಿ ಅವಸರ ಬೇಡ. ಮೀಟರಿಗೆ 2 ಮಿ.ಮೀ. ತಂತಿ 25 ಗ್ರಾಂ, 3 ಮಿ.ಮೀ. 55, 4 ಮಿ.ಮೀ. 99. ಮೂರರಿಂದ ನಾಲ್ಕಕ್ಕೆ ಹೋದರೆ ತೂಕ 1.8 ಪಟ್ಟು ಆಗುತ್ತದೆ, ಆದರೆ ಬಿಗಿ (ಬಗ್ಗದೆ ನಿಲ್ಲುವ ಗುಣ) 3 ಪಟ್ಟಿಗಿಂತ ಜಾಸ್ತಿ ಏರುತ್ತದೆ. ಒಂದೇ ಮಿ.ಮೀ. ಅಂತ ಸುಮ್ನೆ ಏರಿಸಿದರೆ ಮತ್ತೆ ಹೊಟ್ಟೆ ಕಿತ್ತು ಬರುವ ಕಥೆಯೇ. ಅರ್ಧ ಕೆ.ಜಿ.ಗೆ 2, ಒಂದರಿಂದ ಒಂದೂವರೆ ಕೆ.ಜಿ.ಗೆ 3, ಎರಡು ದಾಟಿದರೆ 4 ಅಂತ ಶುರು ಮಾಡಿ.

ಇದು ಬರೀ ಮಾಡೆಲ್‌ನವರ ಉಪಾಯ ಅಲ್ಲ. ಅಮೆರಿಕದ ರೇಸ್ ಪೈಲಟ್ ಸ್ಟೀವ್ ವಿಟ್‌ಮನ್ ನಿಜವಾದ ವಿಮಾನಕ್ಕೇ ಸ್ಪ್ರಿಂಗ್ ಉಕ್ಕಿನ ಕಾಲು ಮಾಡಿದ್ದ. ಆ ಉಪಾಯವನ್ನು ಸೆಸ್ನಾ ಕಂಪನಿ ತಗೊಂಡು 1946ರಲ್ಲಿ ಬಂದ ತನ್ನ 140 ವಿಮಾನಕ್ಕೆ ಹಾಕಿತು. ಎಣ್ಣೆ ಇಲ್ಲ, ಸೀಲ್ ಇಲ್ಲ, ಸುಮ್ನೆ ಬಗ್ಗುವ ಉಕ್ಕು.

ಅಲ್ಯೂಮಿನಿಯಂ ಎರಡೂವರೆ, ಮೂರು ಕೆ.ಜಿ. ವಿಮಾನಕ್ಕೆ ಚೆನ್ನ. ನೋಡೋಕೂ ಚೆಂದ. ಆದರೆ ಯಾವ ಅಲ್ಯೂಮಿನಿಯಂ ಅಂತ ಕೇಳಲೇಬೇಕು. ಕಿಟಕಿ ಚೌಕಟ್ಟಿನ ಪಟ್ಟಿ ಸಾಮಾನ್ಯವಾಗಿ 6063 ಅನ್ನೋ ಗ್ರೇಡ್, ಮೆದು. 6061 ಟಿ6 (ಟಿ6 ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು) ಸುಮಾರು 275 ಮೆಗಾಪಾಸ್ಕಲ್‌ವರೆಗೆ ತಡೆದು ವಾಪಸ್ ಬರುತ್ತದೆ, 7075 ಟಿ6 ಸುಮಾರು 500ರವರೆಗೆ. ತಮಾಷೆ ಏನಂದ್ರೆ ಮೂರರದ್ದೂ ಬಿಗಿ ಒಂದೇ. ಕೈಯಲ್ಲಿ ಸ್ವಲ್ಪ ಒತ್ತಿ ನೋಡಿದರೆ ವ್ಯತ್ಯಾಸ ಗೊತ್ತೇ ಆಗಲ್ಲ, ಗೊತ್ತಾಗುವುದು ಬಿದ್ದ ಮೇಲೆ. ನನಗೆ ಪಟ್ಟಿ ಬಗ್ಗಿಸಿ ಕೊಟ್ಟವರನ್ನು ಯಾವ ಗ್ರೇಡ್ ಅಂತ ಕೇಳಿದಾಗ "ಒಳ್ಳೇದೇ ಸಾರ್, ದಪ್ಪ ಇದೆ ನೋಡಿ" ಅಂದರು. ಅಲ್ಲೇ ಎದ್ದು ಬರಬೇಕಿತ್ತು.

ಕಾರ್ಬನ್ ಹಗುರ, ಸಂಶಯವಿಲ್ಲ. ಆದರೆ ಅದು ಮೊದಲೇ ಹೇಳಿ ಮುರಿಯುವುದಿಲ್ಲ. ಫೈಬರ್‌ಗ್ಲಾಸ್‌ನ ಗಾಜಿನ ನೂಲು ತುಂಡಾಗುವ ಮೊದಲು ಶೇಕಡಾ 4ರಷ್ಟು ಹಿಗ್ಗುತ್ತದೆ, ಕಾರ್ಬನ್ ಅದರ ಅರ್ಧದ ಆಸುಪಾಸಿನಲ್ಲೇ ಪಟಾರ್ ಅನ್ನುತ್ತದೆ. ಅದಕ್ಕೇ ಗದ್ದೆ ಲ್ಯಾಂಡಿಂಗ್‌ಗೆ ನಾನು ಕಾರ್ಬನ್‌ಗಿಂತ ಫೈಬರ್‌ಗ್ಲಾಸ್ ಕಾಲನ್ನು ಮೆಚ್ಚುತ್ತೇನೆ, 20 ಗ್ರಾಂ ಜಾಸ್ತಿ ಆದರೂ. ಮೂರು ಕೆ.ಜಿ. ಮೇಲೆ, ಟಾರು ರನ್‌ವೇ ಇದ್ದರೆ ಕಾರ್ಬನ್ ಹಾಕಿ. ತೂತು ಕೊರೆಯುವಾಗ, ಉಜ್ಜುವಾಗ ನೀರು ಹಾಕಿಕೊಂಡು ಉಜ್ಜಿ, ಮಾಸ್ಕ್ ಹಾಕಿ, ಆ ಕಪ್ಪು ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಕಾರ್ಬನ್ ವಿದ್ಯುತ್ ಹರಿಸುತ್ತದೆ, ರಿಸೀವರ್‌ನ ಆಂಟೆನಾವನ್ನು ಅದರ ಪಕ್ಕದಲ್ಲಿ ಓಡಿಸಬೇಡಿ.

ಬಿದಿರನ್ನು ಮರೆಯೋದು ಬೇಡ. ಮೈಸೂರಿನ ಬಂಬೂ ಬಜಾರ್‌ನಲ್ಲಿ ಒಂದು ಬಿದಿರು ತಂದು ಸೀಳಿ, ಹೊರ ಸಿಪ್ಪೆ ಉಳಿಸಿಕೊಂಡು 3 ಮಿ.ಮೀ.ಗೆ ಹೆರೆದರೆ, ಬಾಲದ ಕೆಳಗಿನ ಸ್ಕಿಡ್‌ಗೆ (ಚಕ್ರದ ಬದಲು ನೆಲದ ಮೇಲೆ ಜಾರುವ ಕಡ್ಡಿಗೆ) ಅದನ್ನು ಮೀರಿಸುವ ವಸ್ತು ಇಲ್ಲ. ನನ್ನದರ ತೂಕ 2 ಗ್ರಾಂ. ಬಾಲದಲ್ಲಿ ಉಳಿಸಿದ ಗ್ರಾಂ ಮೂಗಿನಲ್ಲಿ ಎರಡು ಮೂರು ಗ್ರಾಂ ಉಳಿಸುತ್ತದೆ.

ಎಲ್ಲಿ ಕೂರಿಸೋದು

ಬಾಲದಲ್ಲಿ ಚಕ್ರ ಇರುವ ವಿಮಾನವಾದರೆ ಮುಂದಿನ ಚಕ್ರದ ಆಕ್ಸಲ್ ರೆಕ್ಕೆಯ ಮುಂದಿನ ಅಂಚಿನ ನೇರಕ್ಕೆ, ಇಲ್ಲ ಸ್ವಲ್ಪ ಮುಂದೆ ಬರಬೇಕು. ತುಂಬಾ ಹಿಂದೆ ಇದ್ದರೆ ಮೂಗು ಮುಗ್ಗರಿಸುತ್ತದೆ, ತುಂಬಾ ಮುಂದೆ ಇದ್ದರೆ ಕಪ್ಪೆ ಹಾಗೆ ಕುಪ್ಪಳಿಸುತ್ತದೆ. ಮೂಗಿನ ಚಕ್ರ ಇದ್ದರೆ ಉಲ್ಟಾ, ಮುಖ್ಯ ಚಕ್ರ ಸಿಜಿಗಿಂತ (ವಿಮಾನದ ತೂಕ ಸಮನಾಗಿ ತೂಗುವ ಗುರುತ್ವ ಕೇಂದ್ರಕ್ಕಿಂತ) ಸ್ವಲ್ಪ ಹಿಂದೆ. ಎರಡು ಚಕ್ರದ ನಡುವಿನ ಅಗಲ ರೆಕ್ಕೆಯ ಉದ್ದದ ಕಾಲು ಭಾಗ ಇರಲಿ. ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಟಾರಿನಲ್ಲಿ 25 ಮಿ.ಮೀ., ಹುಲ್ಲಿನಲ್ಲಿ ಅದರ ಎರಡರಷ್ಟು. ಕಾಲು 4 ಸೆಂ.ಮೀ. ಬಗ್ಗುತ್ತದೆ ಅಂತ ಆಗಲೇ ಹೇಳಿದೆ, ಅದನ್ನೂ ಸೇರಿಸಿಕೊಂಡು ಎತ್ತರ ಲೆಕ್ಕ ಹಾಕಿ.

ತಂತಿ ಬಗ್ಗಿಸುವ ಕೆಲಸ

ಇಲ್ಲಿ ನಿಧಾನ ಬೇಕು. ದಿನಪತ್ರಿಕೆ ಹಾಳೆಯ ಮೇಲೆ ಕಾಲಿನ ಚಿತ್ರವನ್ನು ನಿಜ ಅಳತೆಯಲ್ಲಿ ಬರೆಯಿರಿ. ತಂತಿಯನ್ನು ಗಟ್ಟಿ ವೈಸ್‌ನಲ್ಲಿ ಕಚ್ಚಿಸಿ. ವೈಸ್‌ನ ಹಲ್ಲು ತಂತಿಗೆ ಗೀರು ಹಾಕದ ಹಾಗೆ ಎರಡು ಕಡೆ ಅಲ್ಯೂಮಿನಿಯಂ ತುಂಡು ಇಡಿ, ಯಾಕಂದ್ರೆ ಆ ಸಣ್ಣ ಗೀರಿನಿಂದಲೇ ಮುಂದೆ ಬಿರುಕು ಶುರುವಾಗುತ್ತದೆ. ಒಂದು ಅಡಿ ಉದ್ದದ ಕಬ್ಬಿಣದ ಪೈಪನ್ನು ತಂತಿಗೆ ತೂರಿಸಿ, ಅದನ್ನೇ ಹಿಡಿಯಾಗಿ ಎಳೆಯಿರಿ. ಚೂಪು ಮೂಲೆ ಬೇಡ, ತಿರುವಿನ ಒಳಗೆ ತಂತಿಯ ದಪ್ಪದ ಎರಡರಷ್ಟಾದರೂ ದುಂಡು ಇರಲಿ. 90 ಡಿಗ್ರಿ ಬೇಕಾದರೆ 100ರವರೆಗೆ ಎಳೆಯಬೇಕಾಗುತ್ತದೆ, ಬಿಟ್ಟ ಕೂಡಲೇ ವಾಪಸ್ ಬರುತ್ತದೆ. ಒಂದೊಂದು ತಿರುವು ಆದಮೇಲೂ ಪೇಪರ್ ಮೇಲಿಟ್ಟು ನೋಡಿ. ಮಧ್ಯದಿಂದ ಶುರು ಮಾಡಿ ಹೊರಕ್ಕೆ ಹೋಗಿ, ಕೊನೆಗೆ ಆಕ್ಸಲ್. ತಪ್ಪಾಯಿತು ಅಂತ ಅದೇ ಜಾಗವನ್ನು ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಬೇಡಿ, ಹೊಸ ತಂತಿ ತಗೊಳ್ಳಿ.

ಬೆಂಕಿ ತೋರಿಸಬೇಡಿ. ಕೆಂಪಗೆ ಕಾಯಿಸಿದರೆ ಬೆಣ್ಣೆ ಹಾಗೆ ಬಗ್ಗುತ್ತದೆ, ಆದರೆ ಸ್ಪ್ರಿಂಗ್ ಗುಣ ಅಲ್ಲಿಗೇ ಸತ್ತಿತು. ಕತ್ತರಿಸುವಾಗ ಒಳ್ಳೆ ಕಟಿಂಗ್ ಪ್ಲೇಯರ್ ಹಾಳು ಮಾಡಿಕೊಳ್ಳಬೇಡಿ, ಕಟಿಂಗ್ ಡಿಸ್ಕ್ ಬಳಸಿ, ಇಲ್ಲ ಅರದಿಂದ ಸುತ್ತ ಗೀರಿ ಮುರಿಯಿರಿ. ಕನ್ನಡಕ ಹಾಕದೆ ಈ ಕೆಲಸ ಮಾಡಬೇಡಿ, ತುಂಡು ಹಾರುವುದು ಕಣ್ಣಿಗೇ.

ಒಳ್ಳೆ ವಿನ್ಯಾಸ ಯಾವುದು ಅಂದರೆ ತಂತಿಯನ್ನು ತಿರುಚುವುದು. ಕಾಲಿನ ಮೇಲ್ತುದಿಯನ್ನು ನೇರವಾಗಿ ಮೇಲಕ್ಕೆ ಚುಚ್ಚಿಬಿಡುವ ಬದಲು, 8-10 ಸೆಂ.ಮೀ. ಅಡ್ಡಕ್ಕೆ, ತೋಡು ಇರುವ ಗಟ್ಟಿ ಮರದ ತುಂಡಿನಲ್ಲಿ ಮಲಗಿಸಿ, ಅದರ ಕೊನೆಯನ್ನು ಮಾತ್ರ ಮೇಲಕ್ಕೆ ಬಗ್ಗಿಸಿ ತೂತಿಗೆ ತೂರಿಸಿ. ಕೂಳೆ ಚಕ್ರವನ್ನು ಹಿಂದಕ್ಕೆ ಎಳೆದಾಗ ಆ ಅಡ್ಡ ಭಾಗ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಪೆಟ್ಟು ನುಂಗುತ್ತದೆ. ಎಷ್ಟೋ ಟ್ರೈನರ್ ವಿಮಾನಗಳ ಹೊಟ್ಟೆಯ ಕೆಳಗೆ ಇದೇ ಇರುತ್ತದೆ. ಕೆಲವೇ ಗ್ರಾಂ ತಂತಿಯಲ್ಲಿ ಸಿಗುವ ಸಸ್ಪೆನ್ಶನ್.

ತಂತಿ ಕಾಲಿನ ರೋಗ ಒಂದೇ, ಕಾಲು ಅಗಲಿಸಿಕೊಂಡು ಕೂರುವುದು. ಎರಡು ಆಕ್ಸಲ್ ನಡುವೆ ಗಟ್ಟಿ ನೈಲಾನ್ ದಾರ ಕಟ್ಟಿ, ಮೂರ್ನಾಲ್ಕು ಸೆಂ.ಮೀ. ಅಗಲಿಸಿದ ಮೇಲೆ ಬಿಗಿಯಾಗುವಷ್ಟು ಸಡಿಲ ಬಿಡಿ. ತಂತಿ ತಂತಿಗೆ ಸೇರುವ ಜಾಗ ಇದ್ದರೆ ಮರಳು ಕಾಗದದಲ್ಲಿ ಉಜ್ಜಿ, ತೆಳು ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಆಮೇಲೆ ಬೆಸುಗೆ ಹಾಕಿ. ಸುತ್ತದೆ ಹಾಕಿದ ಬೆಸುಗೆ ಮೊದಲ ಲ್ಯಾಂಡಿಂಗ್‌ಗೇ ಬಿಡುತ್ತದೆ. ಆಸಿಡ್ ಫ್ಲಕ್ಸ್ ಬಳಸಿದ್ದರೆ ಅಡುಗೆ ಸೋಡಾ ನೀರಲ್ಲಿ ತೊಳೆಯಿರಿ.

ಅಲ್ಯೂಮಿನಿಯಂ ಆರಿಸಿದವರಿಗೆ ಎರಡೇ ಮಾತು. ಹಾಳೆ ಉರುಳಿಸಿದ ಗೆರೆಗಳು ಮೇಲೆ ಕಾಣುತ್ತವೆ, ಬಗ್ಗಿಸುವ ಗೆರೆ ಅವಕ್ಕೆ ಅಡ್ಡ ಬರಲಿ, ಉದ್ದಕ್ಕೆ ಬಂದರೆ ಸೀಳುತ್ತದೆ. ಗುರುತನ್ನು ಮಾರ್ಕರ್‌ನಲ್ಲಿ ಹಾಕಿ, ಮೊಳೆಯಲ್ಲಿ ಗೀಚಬೇಡಿ. ಮೈಸೂರಿನ ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾ ಕಡೆ ಮೆಷಿನ್‌ನಲ್ಲಿ ಬಗ್ಗಿಸಿಕೊಳ್ಳುವುದಾದರೆ, ಡಬ್ಬದ ಮೂಲೆ ಹಾಗೆ ಚೂಪಾಗಿ ಬೇಡ, ದುಂಡಗೆ ಬೇಕು ಅಂತ ಮೊದಲೇ ಹೇಳಿ. 7075 ಚೂಪು ತಿರುವಿಗೆ ಅಲ್ಲೇ ಬಿರುಕು ಬಿಡುತ್ತದೆ. ಬುಡದಲ್ಲಿ ಅಗಲ, ಚಕ್ರದ ಕಡೆ ಕಿರಿದು ಮಾಡಿ, ಅಂಚನ್ನು ಮರಳು ಕಾಗದದಲ್ಲಿ ಉದ್ದಕ್ಕೆ ನಯ ಮಾಡಿ.

ಬುಡ: ಮೊದಲು ಏನು ಮುರಿಯಬೇಕು ಅಂತ ನೀವೇ ತೀರ್ಮಾನಿಸಿ

ಹೊಟ್ಟೆ ಕಿತ್ತ ಮೇಲೆ ನಾನು ಬದಲಿಸಿದ ಮೊದಲ ವಸ್ತು ಕಾಲಲ್ಲ, ಬೋಲ್ಟ್. ಉಕ್ಕಿನ ಬೋಲ್ಟ್ ತೆಗೆದು 4 ಮಿ.ಮೀ. ನೈಲಾನ್ ಬೋಲ್ಟ್ ಎರಡು ಹಾಕಿದೆ. ಮನೆಗೆ ಫ್ಯೂಸ್ ಹಾಕಿದ ಹಾಗೆ. ಪೆಟ್ಟು ಮಿತಿ ಮೀರಿದರೆ ಬೋಲ್ಟ್ ತುಂಡಾಗಿ ಕಾಲು ಬಿದ್ದು ಹೋಗುತ್ತದೆ, ವಿಮಾನ ಜಾರಿಕೊಂಡು ನಿಲ್ಲುತ್ತದೆ. ಒಳಗೆ ಉಳಿದ ತುಂಡಿಗೆ ಕಾಯಿಸಿದ ಸ್ಕ್ರೂಡ್ರೈವರ್ ಒತ್ತಿ, ಆರಿದ ಮೇಲೆ ತಿರುಗಿಸಿದರೆ ಬರುತ್ತದೆ. ಪಟ್ಟಿ ಕಾಲಿಗೆ ಇದು. ತಂತಿ ಕಾಲನ್ನು ಪ್ಲಾಸ್ಟಿಕ್ ಪಟ್ಟಿ, ಸಣ್ಣ ಸ್ಕ್ರೂ ಹಾಕಿ ಹಿಡಿಸುತ್ತೇವೆ, ಅಲ್ಲಿ ಆ ಪಟ್ಟಿಯೇ ಫ್ಯೂಸ್.

ಪ್ಲೈವುಡ್ ತುಂಡು ಬರೀ ಕಾಲಿನಷ್ಟು ಅಗಲ ಇದ್ದರೆ ಸಾಲದು. ಅದರ ಹೊರೆ ಪಕ್ಕದ ಗೋಡೆಗಳಿಗೆ, ಹಿಂದಿನ ಮುಂದಿನ ಫಾರ್ಮರ್‌ಗಳಿಗೆ (ಹೊಟ್ಟೆಯೊಳಗಿನ ಅಡ್ಡ ಹಲಗೆಗಳಿಗೆ) ಹೋಗಬೇಕು. ನಾಲ್ಕೂ ಮೂಲೆಗೆ ತ್ರಿಕೋನದ ಬಾಲ್ಸಾ ಕಡ್ಡಿ ಅಂಟಿಸಿ. ಎಪಾಕ್ಸಿ ನಿಧಾನ ಗಟ್ಟಿಯಾಗುವುದೇ ಇರಲಿ, ಐದು ನಿಮಿಷದ್ದು ಬೇಡ, ರಾತ್ರಿ ಹಚ್ಚಿ ಬೆಳಗ್ಗೆವರೆಗೆ ಮುಟ್ಟಬೇಡಿ. ಥರ್ಮಾಕೋಲ್ ಅಥವಾ ಫೋಮ್ ವಿಮಾನಕ್ಕೆ 2 ಮಿ.ಮೀ. ಪ್ಲೈ ತುಂಡನ್ನು ಅಂಗೈ ಅಗಲ ಇಟ್ಟು ಅಂಟಿಸಿ, ಇಲ್ಲದಿದ್ದರೆ ಇಡ್ಲಿಗೆ ಚಮಚ ಹಾಕಿದ ಹಾಗೆ ಕಾಲು ತಿರುಗಿಕೊಂಡು ಹೊರಗೆ ಬರುತ್ತದೆ.

ಚಕ್ರಕ್ಕೆ ಹಗುರ ಫೋಮ್ ಟೈರ್ ಸಾಕು, ಒಂದೂವರೆ ಕೆ.ಜಿ. ವಿಮಾನಕ್ಕೆ 70 ಮಿ.ಮೀ. ಸಣ್ಣ ವಿಮಾನಕ್ಕೆ ಹಳೇ ಹವಾಯಿ ಚಪ್ಪಲಿಯಿಂದ ದುಂಡಗೆ ಕತ್ತರಿಸಿ, ನಡುವೆ ಪೆನ್ ರಿಫಿಲ್ ತುಂಡು ತೂರಿಸಿ. ಚಿಕ್ಕವರಿದ್ದಾಗ ಗಾಡಿ ಮಾಡ್ತಿದ್ದ ಚಕ್ರವೇ, ಅಲ್ವಾ? ಕಾಲರ್ ಕೂರುವ ಜಾಗದಲ್ಲಿ ಆಕ್ಸಲ್ ಅನ್ನು ಅರದಿಂದ ಸ್ವಲ್ಪ ಚಪ್ಪಟೆ ಮಾಡಿದರೆ ಸ್ಕ್ರೂ ಜಾರುವುದಿಲ್ಲ.

ಹಾರಿಸುವ ಮೊದಲು

ಕಾಲು ಬದಲಾದರೆ ಸಿಜಿ ಬದಲಾಗುತ್ತದೆ. 150 ಗ್ರಾಂ ತೆಗೆದು 29 ಗ್ರಾಂ ಹಾಕಿದಾಗ ನನಗೆ 120 ಗ್ರಾಂ ಉಳಿಯಿತು. ಕಾಲು ಸಿಜಿಗಿಂತ 8 ಸೆಂ.ಮೀ. ಮುಂದಿತ್ತು. ಎಂಟನ್ನು 120ರಿಂದ ಗುಣಿಸಿದರೆ 960. ನನ್ನ ಬ್ಯಾಟರಿ 180 ಗ್ರಾಂ, 960ನ್ನು 180ರಿಂದ ಭಾಗಿಸಿದರೆ 5.3, ಹಾಗಾಗಿ ಬ್ಯಾಟರಿಯನ್ನು 5 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ತಳ್ಳಬೇಕಾಯಿತು. ಇದನ್ನು ಮರೆತು ಹಾರಿಸಿದರೆ ಬಾಲ ಭಾರದ ವಿಮಾನ ಕೈಗೇ ಸಿಗುವುದಿಲ್ಲ.

ಆಮೇಲೆ ಬೀಳಿಸಿ ನೋಡಿ. ಪ್ರೊಪೆಲ್ಲರ್ ಬಿಚ್ಚಿಡಿ. ಬ್ಯಾಟರಿ ಬದಲು ಅಷ್ಟೇ ತೂಕದ ಮರಳಿನ ಚೀಲ ಇಡಿ. ಮನೆಯ ಅಂಗಳದಲ್ಲಿ ಸ್ಕೇಲ್ ನಿಲ್ಲಿಸಿ 3 ಸೆಂ.ಮೀ., 5, 7, ಕೊನೆಗೆ 10 ಸೆಂ.ಮೀ. ಪ್ರತಿ ಸಲ ಎರಡು ಚಕ್ರದ ನಡುವಿನ ಅಗಲ ಅಳೆಯಿರಿ. ಫೋನಿನಲ್ಲಿ ಸ್ಲೋ ಮೋಷನ್ ಹಿಡಿದರೆ ಕಾಲು ಎಷ್ಟು ಬಗ್ಗಿತು ಅಂತ ಕಾಣುತ್ತದೆ. 10 ಸೆಂ.ಮೀ.ಗೆ ಮೂರ್ನಾಲ್ಕು ಸೆಂ.ಮೀ. ಬಗ್ಗಿ, ಅಗಲ ಹಾಗೇ ಇದ್ದರೆ ಕಾಲು ಸರಿಯಾಗಿದೆ. ಅಗಲ ಹೆಚ್ಚಾಗಿ ಉಳಿದರೆ ತಂತಿ ತೆಳು, ಇಲ್ಲ ಮೆದು. ಬಗ್ಗಲೇ ಇಲ್ಲ ಅಂದರೆ ಖುಷಿಪಡಬೇಡಿ, ಹೊಟ್ಟೆ ತೆಗೆದು ಅಂಟು ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಹಾರಿಸುವ ಜಾಗವನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡ್ರೋನ್ ನಕ್ಷೆ) ನೋಡಿಕೊಂಡೇ ಹೋಗಿ. ಮೈಸೂರಿನವರಿಗೆ ಮಂಡಕಳ್ಳಿ ವಿಮಾನ ನಿಲ್ದಾಣ ಹತ್ತಿರ, ಅದರ ಸುತ್ತ ಸುಮ್ನೆ ಹಾರಿಸುವಂತಿಲ್ಲ.

ಮೈದಾನಕ್ಕೆ ಹೋಗುವ ಚೀಲದಲ್ಲಿ ನಾಲ್ಕು ನೈಲಾನ್ ಬೋಲ್ಟ್, ಎರಡು ಕಾಲರ್, ಒಂದು ಅಲೆನ್ ಕೀ ಇರಲಿ. ಹತ್ತು ಹಾರಾಟಕ್ಕೊಮ್ಮೆ ತಂತಿಯ ತಿರುವುಗಳ ಮೇಲೆ ಉಗುರು ಆಡಿಸಿ ನೋಡಿ, ಬಿರುಕು ಇದ್ದರೆ ಉಗುರಿಗೆ ತಗಲುತ್ತದೆ. ನನ್ನ 29 ಗ್ರಾಂ ಕಾಲು ಅದೇ ಗದ್ದೆಯಲ್ಲಿ ಎರಡು ಬೋಲ್ಟ್... ಅಲ್ಲ, ತಂತಿ ಕಾಲಲ್ವಾ, ಎರಡು ಪ್ಲಾಸ್ಟಿಕ್ ಪಟ್ಟಿ ಮುರಿದುಕೊಂಡಿದೆ. ಹೊಟ್ಟೆ ಇನ್ನೂ ಹಾಗೇ ಇದೆ. ಆ 4 ಮಿ.ಮೀ. ಪಟ್ಟಿಯನ್ನು ಅಮ್ಮ ಹಿತ್ತಲಲ್ಲಿ ಸೀಮೆಬದನೆ ಚಪ್ಪರಕ್ಕೆ ಕೊಕ್ಕೆ ಮಾಡಿಕೊಂಡಿದ್ದಾರೆ, ಅಲ್ಲೂ ಅದು ಬಗ್ಗಿಲ್ಲ.